ನಿಘಂಟು ಸ್ವಲ್ಪ ದೂರವಿರಲಿ

ಬಿ2 ಹಂತ ದಾಟಿ ಜರ್ಮನ್ ಪತ್ರಿಕೆ, ಕಾದಂಬರಿಗಳಿಗೆ ಕೈ ಹಾಕಿದ್ದೀರಿ, ಸಂತೋಷ. ಆದರೆ ಗೊತ್ತಿಲ್ಲದ ಪದ ಕಂಡ ಕೂಡಲೇ ಮೊಬೈಲಿನಲ್ಲಿ ನಿಘಂಟು ತೆರೆಯುವ ಚಾಳಿ ಬಿಡಿ. ಜರ್ಮನ್ ವಾಕ್ಯದ ಗುಟ್ಟು ಎಷ್ಟೋ ಸಲ ಕೊನೆಯಲ್ಲಿರುತ್ತದೆ. ‘ಫೆಂಗ್ಟ್’ ನೋಡಿ ‘ಹಿಡಿಯುತ್ತಾನೆ’ ಅಂದುಕೊಂಡಿರಿ ಅನ್ನಿ. ವಾಕ್ಯದ ತುದಿಯಲ್ಲಿ ‘ಆನ್’ ಕೂತಿದ್ದರೆ ಅದು ‘ಆರಂಭಿಸುತ್ತಾನೆ’. ಪೂರ್ಣವಿರಾಮದವರೆಗೆ ಓದಿ, ಆಮೇಲೆ ಹುಡುಕಿ. ಕ್ರಿಯಾಪದಕ್ಕಾಗಿ ಕೊನೆವರೆಗೆ ಕಾಯುವುದು ಕನ್ನಡದವರಾದ ನಮಗೆ ಹೊಸದೇನಲ್ಲವಲ್ಲ!

ಸುದ್ದಿ ಓದುವಾಗ ಇನ್ನೊಂದು ಎಚ್ಚರ. ಸಚಿವರ ಬಗ್ಗೆ ‘ಇಸ್ಟ್ ಕ್ರಾಂಕ್’ ಎಂದು ಬರೆದಿದ್ದರೆ ಅವರಿಗೆ ಹುಷಾರಿಲ್ಲ. ‘ಝೈ ಕ್ರಾಂಕ್’ ಎಂದಿದ್ದರೆ ಹುಷಾರಿಲ್ಲವಂತೆ. ಆ ‘ಝೈ’, ಅಂಥದ್ದೇ ‘ಹಾಬೆ’ ರೂಪಗಳು ನಮ್ಮ ‘ಅಂತೆ’ಯ ಹಾಗೆಯೇ: ಮಾತು ಬೇರೆಯವರದು, ವರದಿಗಾರ ಅದರ ಹೊಣೆ ಹೊತ್ತಿಲ್ಲ. ಚೆನ್ನಾಗಿ ಕಲಿತವರೂ ಇಲ್ಲಿ ಎಡವಿ, ಬರೀ ಆರೋಪವನ್ನು ನಡೆದ ಸಂಗತಿಯೆಂದು ಓದಿಬಿಡುತ್ತಾರೆ.

ಉದ್ದುದ್ದ ಪದಗಳಿಗೆ ಹೆದರಬೇಡಿ. ಕೊನೆಯ ತುಂಡೇ ಮುಖ್ಯ, ಅಲ್ಲಿಂದ ಹಿಂದಕ್ಕೆ ಬಿಡಿಸುತ್ತ ಬನ್ನಿ. ಥಾಮಸ್ ಮಾನ್‌ನ ಸುತ್ತು ವಾಕ್ಯಗಳಿಗೆ ಈಗಲೇ ಆತುರ ಬೇಡ. 1915ರಲ್ಲಿ ಬಂದ ಕಾಫ್ಕಾನ ‘ಡೀ ಫೆರ್‌ವಾಂಡ್ಲುಂಗ್’ ಚಿಕ್ಕದು; ದಿನಕ್ಕೆ ಎರಡೇ ಪುಟ, ಆದರೆ ಎರಡೆರಡು ಸಲ ಓದಿ.