ಅಪರೂಪಕ್ಕೆ ಓಡುವ ಕಾರಿಗೆ ಬ್ಯಾಟರಿ ಕೊಳ್ಳುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಗುಮಾಸ್ತರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳನ್ನು ಕೊಂಡಿದ್ದಾರೆ. ಕಚೇರಿಗೆ ಹೋಗಿಬರಲು ಬಸ್ಸು, ಮೆಟ್ರೋ, ಇಲ್ಲವೆ ಸ್ಕೂಟರು ಉಂಟು. ಕಾರು ಬೇಕಾಗುವುದು ಹಬ್ಬಕ್ಕೆ ಬೀದರಿಗೋ ಕಲಬುರಗಿಗೋ ಹೋಗುವಾಗ, ಇಲ್ಲವೆ ಮನೆಯ ಹಿರಿಯರಿಗೆ ರಾತ್ರಿ ವೇಳೆ ಮೈ ಸರಿಯಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ. ಉಳಿದ ದಿನಗಳಲ್ಲಿ ಅದು ಹಿಮಾಯತ್‌ನಗರದ ಯಾವುದೋ ಗಲ್ಲಿಯ ಬೇವಿನ ಮರದ ಕೆಳಗೋ, ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲೋ ನಿಂತಿರುತ್ತದೆ. ಇನ್ನು ಕೆಲವರು ಪರರ ಕಾರು ನೋಡಿಕೊಳ್ಳುವ ಡ್ರೈವರುಗಳು, ಕಾವಲುಗಾರರು. ಪರದೇಶದಲ್ಲಿರುವ ಒಡೆಯರು ವರ್ಷಕ್ಕೊಮ್ಮೆ ಬಂದು ಕೀಲಿಕೈ ತಿರುಗಿಸಿದಾಗ ಕಾರು ‘ಟಕ್’ ಎಂದು ಸುಮ್ಮನಾದರೆ ಬೈಗುಳ ಕೇಳಬೇಕಾದವರು ಇವರೇ. ಈ ಎರಡು ವರ್ಗದವರಿಗೂ ಉಪಯೋಗವಾಗಲೆಂದು ಈ ಪಾಠವನ್ನು ಬರೆದಿದೆ.

ಇಂಥ ಕಾರಿನ ಬ್ಯಾಟರಿ ಬಲುಬೇಗ ಸಾಯುತ್ತದೆಂಬುದು ಸಾಮಾನ್ಯ ದೂರು. ದಿನವೂ ದುಡಿಯುವ ಟ್ಯಾಕ್ಸಿಯ ಬ್ಯಾಟರಿ ಮೂರು ವರ್ಷ ಬಂದರೆ, ಓಡಿಸದೆ ಇಟ್ಟ ಕಾರಿನದು ಆರು ವರ್ಷ ಬರಬೇಡವೆ ಎಂದು ಕೇಳುವವರುಂಟು. ಬಟ್ಟೆ ಪಾತ್ರೆಗಳ ವಿಷಯದಲ್ಲಿ ಈ ತರ್ಕ ಸರಿ. ಬ್ಯಾಟರಿಯ ವಿಷಯದಲ್ಲಿ ಅದು ತಲೆಕೆಳಗು. ನಿಂತ ಕಾರಿನ ಬ್ಯಾಟರಿ ಹಸಿವಿನಿಂದ ಸಾಯುತ್ತದೆ. ಇದನ್ನು ತಿಳಿಯದೆ ಅಂಗಡಿಗೆ ಹೋದವರು ದೊಡ್ಡ ಹೆಸರು, ದೊಡ್ಡ ವಾರಂಟಿ ಎಂದು ಅವುಗಳ ಹಿಂದೆ ಬಿದ್ದು, ನೋಡಬೇಕಾದುದನ್ನು ನೋಡದೆ ಹಣ ಕೊಟ್ಟು ಬರುತ್ತಾರೆ.

ನಮ್ಮೂರಿನ ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿ ಹಳದಿ ಬಣ್ಣದ ಒಂದು ರೋಲ್ಸ್ ರಾಯ್ಸ್ ಕಾರನ್ನು ನೋಡಿರಬಹುದು. ೧೯೧೨ರ ಆ ಕಾರಿಗೆ ಹೇಳಿಕಳುಹಿಸಿದವರು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು. ೧೯೧೧ರಲ್ಲಿ ಅವರು ತೀರಿಕೊಂಡುದರಿಂದ ಅದು ಅವರ ಮಗನ ಪಾಲಿಗೆ ಬಂತು. ವಿಶೇಷ ಸಂದರ್ಭಗಳಿಗೆಂದೇ ಮಾಡಿಸಿದ ಕಾರಾದುದರಿಂದ ಅದು ಓಡಿದ್ದು ಬಹಳ ಕಡಿಮೆ. ಅಪರೂಪಕ್ಕೆ ಓಡುವ ಕಾರಿಗೆ ಈ ನಗರದಲ್ಲಿ ಇದಕ್ಕಿಂತ ಹಿರಿಯ ನಿದರ್ಶನ ಬೇಕಿಲ್ಲ. ಆದರೆ ನಮ್ಮ ತೊಂದರೆ ಅದಕ್ಕಿರಲಿಲ್ಲ. ಆ ಕಾಲದ ರೋಲ್ಸ್ ರಾಯ್ಸ್ ಎಂಜಿನನ್ನು ಮುಂಭಾಗದಲ್ಲಿ ಹ್ಯಾಂಡಲು ಹಾಕಿ, ಕೈಯಿಂದ ತಿರುಗಿಸಿ ಎಬ್ಬಿಸುತ್ತಿದ್ದರು. ಅದೇ ೧೯೧೨ರ ಮಾದರಿಯ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬವರು ರೂಪಿಸಿದ ವಿದ್ಯುತ್ ಸ್ಟಾರ್ಟರು ಬಂತು. ಅಲ್ಲಿಂದ ಮುಂದೆ ಆಳಿನ ರಟ್ಟೆ ಮಾಡುತ್ತಿದ್ದ ಕೆಲಸ ಬ್ಯಾಟರಿಯ ಪಾಲಾಯಿತು. ಹಳೆಯ ಅಂಬಾಸಡರ್ ಕಾರಿನಲ್ಲಿ ಆಪತ್ತಿಗಾದರೂ ಒಂದು ಹ್ಯಾಂಡಲಿತ್ತು. ಈಗಿನ ಕಾರುಗಳಲ್ಲಿ ಅದಕ್ಕೆ ತೂತು ಕೂಡ ಇಲ್ಲ.

ಇನ್ನು ಬ್ಯಾಟರಿಯ ಒಳಗಿನ ವಿಚಾರ. ೧೮೫೯ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಕಂಡುಹಿಡಿದ ಸೀಸ ಮತ್ತು ಆಮ್ಲದ ಬ್ಯಾಟರಿಯೇ ಇಂದಿಗೂ ನಮ್ಮ ಬಹುಪಾಲು ಕಾರುಗಳಲ್ಲಿದೆ. ಪೆಟ್ಟಿಗೆಯೊಳಗೆ ಆರು ಕೋಣೆಗಳು. ಪ್ರತಿಯೊಂದರಲ್ಲಿಯೂ ಸೀಸದ ಫಲಕಗಳು, ಸೀಸದ ಡೈ ಆಕ್ಸೈಡಿನ ಫಲಕಗಳು, ನಡುವೆ ನೀರು ಬೆರೆತ ಗಂಧಕಾಮ್ಲ. ಕೋಣೆಯೊಂದಕ್ಕೆ ಎರಡು ವೋಲ್ಟಿಗಿಂತ ತುಸು ಹೆಚ್ಚಿನಂತೆ, ಪೂರ್ತಿ ತುಂಬಿ ವಿಶ್ರಮಿಸಿದ ಬ್ಯಾಟರಿ ೧೨.೬ ಇಲ್ಲವೆ ೧೨.೭ ವೋಲ್ಟ್ ತೋರಿಸುತ್ತದೆ. ೧೨.೨ ಎಂದರೆ ಹೆಚ್ಚುಕಡಿಮೆ ಅರ್ಧ ಬರಿದು. ೧೨ಕ್ಕೆ ಇಳಿದರೆ ಉಳಿದದ್ದು ಕಾಲು ಭಾಗ ಮಾತ್ರ. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ತೋರಿಸುತ್ತಿದೆಯಲ್ಲ ಎಂದು ಸಮಾಧಾನ ಪಡುವವರು ಇದನ್ನು ಮನಸ್ಸಿನಲ್ಲಿಡತಕ್ಕದ್ದು.

ವಿದ್ಯುತ್ತು ಹೊರಗೆ ಹರಿದಂತೆಲ್ಲ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟ್ ಎಂಬ ಬಿಳಿಯ ವಸ್ತು ಕೂಡುತ್ತದೆ. ಆಗಲೇ ಚಾರ್ಜು ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಸಣ್ಣ ಹರಳುಗಳು ಸೇರಿ ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತವೆ. ಸಕ್ಕರೆ ಪಾಕವನ್ನು ಕದಲಿಸದೆ ಬಹುದಿನ ಇಟ್ಟರೆ ಕಲ್ಲುಸಕ್ಕರೆ ಕಟ್ಟುವುದನ್ನು ನೆನೆದರೆ ಇದು ತಿಳಿಯುತ್ತದೆ. ಹಾಗೆ ಕಲ್ಲಾದ ಭಾಗ ಮತ್ತೆ ವಿದ್ಯುತ್ತನ್ನು ಹಿಡಿಯದು. ಬ್ಯಾಟರಿ ತೂಕದಲ್ಲಿ ಮೊದಲಿನಷ್ಟೇ ಇದ್ದು ಬಲದಲ್ಲಿ ಅರ್ಧವಾಗುವುದು ಹೀಗೆ.

ಆದರೆ ನಿಂತ ಕಾರಿನಲ್ಲಿ ವಿದ್ಯುತ್ತನ್ನು ಯಾರು ತಿನ್ನುತ್ತಾರೆ? ಗಡಿಯಾರ, ಕಳ್ಳರನ್ನು ತಡೆಯುವ ಅಲಾರಂ, ರಿಮೋಟಿಗೆ ಕಿವಿಗೊಟ್ಟು ಕಾಯುವ ಬೀಗ, ಎಂಜಿನ್ನಿನ ಕಂಪ್ಯೂಟರು. ಎಲ್ಲವೂ ಸೇರಿ ೩೦ ಮಿಲಿ ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳೋಣ. ೫೦ರ ತನಕವೂ ದೋಷವೆಂದು ಎಣಿಸುವುದಿಲ್ಲ. ದಿನಕ್ಕೆ ೨೪ ಗಂಟೆಯಂತೆ ಅದು ೦.೭೨ ಆಂಪಿಯರ್ ಗಂಟೆ. ಆಲ್ಟೋದಂಥ ಸಣ್ಣ ಕಾರಿನ ಬ್ಯಾಟರಿ ೩೫ ಆಂಪಿಯರ್ ಗಂಟೆಯದು. ಅರ್ಧ ಖರ್ಚಾದರೆ ಸ್ಟಾರ್ಟು ಆಗುವ ಭರವಸೆ ಇಲ್ಲವೆಂದು ಹಿಡಿದರೆ, ಹದಿನೇಳೂವರೆಯನ್ನು ೦.೭೨ರಿಂದ ಭಾಗಿಸಬೇಕು: ಇಪ್ಪತ್ತನಾಲ್ಕು ದಿನ. ಅದೂ ಬ್ಯಾಟರಿ ಹೊಸದಾಗಿ, ಪೂರ್ತಿ ತುಂಬಿದ್ದರೆ. ಹಳೆಯದಾದರೆ ಎರಡು ವಾರವೂ ಹೆಚ್ಚು. ಕಾರು ಎಲ್ಲಿದೆಯೆಂದು ತಿಳಿಸುವ ಜಿ.ಪಿ.ಎಸ್. ಯಂತ್ರವನ್ನೋ ಸದಾ ಎಚ್ಚರವಿರುವ ಕ್ಯಾಮೆರಾವನ್ನೋ ಯಾರಾದರೂ ಜೋಡಿಸಿ, ಎಳೆತ ೧೦೦ ಮಿಲಿ ಆಂಪಿಯರಿಗೆ ಏರಿದರೆ ಒಂದು ವಾರದಲ್ಲಿ ಲೆಕ್ಕ ಮುಗಿಯುತ್ತದೆ.

ಇದಕ್ಕೆ ಹೋಲಿಸಿದರೆ ಸ್ಟಾರ್ಟು ಮಾಡುವ ಖರ್ಚು ಏನೂ ಅಲ್ಲ. ೧೫೦ ಆಂಪಿಯರಿನಂತೆ ಮೂರು ಸೆಕೆಂಡು ಎಳೆದರೂ ಅದು ಒಂದು ಆಂಪಿಯರ್ ಗಂಟೆಯ ಎಂಟನೆಯ ಒಂದು ಪಾಲು. ಕಾರು ಒಂದು ದಿನ ಸುಮ್ಮನೆ ನಿಂತರೆ ಆಗುವ ವ್ಯಯ ಇದರ ಐದಾರು ಪಟ್ಟು!

ಮೇಲಾಗಿ ಹೈದರಾಬಾದಿನ ಬಿಸಿಲು. ಬಿಸಿ ಹೆಚ್ಚಿದಂತೆ ಬ್ಯಾಟರಿ ತಾನಾಗಿ ಒಳಗೊಳಗೇ ಕರಗುವ ವೇಗವೂ ಹೆಚ್ಚುತ್ತದೆ. ಸುಮಾರು ಹತ್ತು ಡಿಗ್ರಿಗೊಮ್ಮೆ ಇಮ್ಮಡಿಯೆಂಬುದು ಒರಟು ಲೆಕ್ಕ. ಚಳಿದೇಶದವರು ಬರೆದ ಪುಸ್ತಕಗಳಲ್ಲಿ ಬ್ಯಾಟರಿಯ ಶತ್ರು ಹಿಮವೆಂದಿರುತ್ತದೆ. ನಮಗೆ ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳೇ ಶತ್ರು. ಗಲ್ಲಿಯ ಬಿಸಿಲಿಗಿಂತ ಸೆಲ್ಲಾರಿನ ನೆರಳು ಲೇಸು.

ಹೊಸದನ್ನು ಕೊಳ್ಳುವ ಮೊದಲು ಹಳೆಯದು ನಿಜವಾಗಿ ಸತ್ತಿದೆಯೋ ಎಂದು ನೋಡಬೇಕು. ಸೆಲ್ಫ್ ಎತ್ತದಿದ್ದರೆಲ್ಲ ಬ್ಯಾಟರಿಯೇ ಕಾರಣವಲ್ಲ. ಟರ್ಮಿನಲ್ಲಿನ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ತಂತಿಯನ್ನು ಬಿಚ್ಚಿ, ಅಡಿಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ ಬಿಗಿದರೆ ಎಷ್ಟೋ ವೇಳೆ ಕೆಲಸ ಆಗುತ್ತದೆ. ಅದಾಗದಿದ್ದರೆ ಬ್ಯಾಟರಿಯನ್ನು ಅಂಗಡಿಯಲ್ಲಿ ನಿಧಾನವಾಗಿ ಪೂರ್ತಿ ಚಾರ್ಜು ಮಾಡಿಸಿ, ಒಂದು ರಾತ್ರಿ ಸುಮ್ಮನೆ ಬಿಟ್ಟು, ಬೆಳಿಗ್ಗೆ ಮಲ್ಟಿಮೀಟರಿನಿಂದ ಅಳೆಯಬೇಕು. ೧೨.೬ರ ಸುತ್ತಮುತ್ತ ನಿಂತರೆ ಇನ್ನೂ ಜೀವವಿದೆ. ೧೨.೪ಕ್ಕಿಂತ ಕೆಳಗೆ ಜಾರಿದ್ದರೆ, ಅಥವಾ ಸ್ಟಾರ್ಟು ಮಾಡುವಾಗ ಮುಳ್ಳು ೯.೬ಕ್ಕಿಂತ ಕೆಳಗಿಳಿದರೆ ಬದಲಾಯಿಸುವ ಕಾಲ ಬಂದಿದೆ. ಎಂಜಿನ್ ಓಡುವಾಗ ಟರ್ಮಿನಲ್ಲಿನಲ್ಲಿ ೧೩.೮ರಿಂದ ೧೪.೫ ವೋಲ್ಟ್ ಕಾಣದಿದ್ದರೆ ಆಲ್ಟರ್ನೇಟರಿನ ಕಡೆ ನೋಡತಕ್ಕದ್ದು. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಮುಚ್ಚಳದ ಮೇಲಿನ ಹಸಿರು ಕಣ್ಣನ್ನು ನಂಬಿ ಕೂರುವವರೂ ಇದ್ದಾರೆ. ಅದು ಆರು ಕೋಣೆಗಳಲ್ಲಿ ಒಂದರ ಸುದ್ದಿಯನ್ನು ಮಾತ್ರ ಹೇಳುತ್ತದೆ.

ಇನ್ನು ಕೊಳ್ಳುವ ಮಾತು. ಎಕ್ಸೈಡೋ ಅಮರಾನೋ ಎಂಬ ಚರ್ಚೆ ಚಹಾದ ಅಂಗಡಿಯಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ಹೆಸರಾಂತ ತಯಾರಿಕೆಗಳ ನಡುವೆ ಇರುವ ವ್ಯತ್ಯಾಸಕ್ಕಿಂತ, ಒಂದೇ ತಯಾರಿಕೆಯ ಹೊಸ ಮಾಲಿಗೂ ಹಳೆಯ ಮಾಲಿಗೂ ಇರುವ ವ್ಯತ್ಯಾಸ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಅಂಗಡಿಯ ಅಟ್ಟದ ಮೇಲೆ ಎಂಟು ತಿಂಗಳು ಕೂತ ಬ್ಯಾಟರಿಗೂ ಓಡಿಸದ ಕಾರಿನ ಬ್ಯಾಟರಿಗೂ ಸ್ಥಿತಿ ಒಂದೇ. ಅದರ ಫಲಕಗಳ ಮೇಲೆಯೂ ಸಲ್ಫೇಟು ಕೂಡುತ್ತಲೇ ಇರುತ್ತದೆ. ಆದುದರಿಂದ ಮೊದಲ ಪ್ರಶ್ನೆ, ಇದು ಯಾವ ತಿಂಗಳ ಮಾಲು ಎಂದಿರಬೇಕು. ತಯಾರಾದ ಕಾಲವನ್ನು ಪೆಟ್ಟಿಗೆಯ ಮೇಲೆ ಕೊರೆದಿರುತ್ತಾರೆ ಅಥವಾ ಅಚ್ಚು ಹಾಕಿರುತ್ತಾರೆ. ಸಂಕೇತದಲ್ಲಿದ್ದರೆ ಅಂಗಡಿಯವರಿಂದಲೇ ಬಿಡಿಸಿ ಹೇಳಿಸಿಕೊಳ್ಳಿ. ಮೂರು ತಿಂಗಳೊಳಗಿನದಾದರೆ ಉತ್ತಮ. ಆರು ತಿಂಗಳು ದಾಟಿದ್ದನ್ನು ಸೋಡಿ ಕೊಟ್ಟರೂ ಬೇಡವೆನ್ನಿ. ಎರಡನೆಯದಾಗಿ, ಹಣ ಕೊಡುವ ಮುನ್ನ ನಿಮ್ಮ ಎದುರಿಗೆ ಮೀಟರು ಹಿಡಿಸಿ. ೧೨.೫ ಇಲ್ಲವೆ ಅದಕ್ಕಿಂತ ಹೆಚ್ಚು ಇರಲಿ. ಕಡಿಮೆಯಿದ್ದು, ‘ಚಾರ್ಜು ಮಾಡಿ ಕೊಡುತ್ತೇನೆ ಸಾಬ್, ನಾಳೆ ಬನ್ನಿ’ ಎಂದರೆ ಬೇರೊಂದನ್ನು ತೆಗೆಸಿ, ಇಲ್ಲವೆ ಬೇರೆ ಅಂಗಡಿ ನೋಡಿ. ಮಾಲು ಬೇಗ ಬೇಗ ಖರ್ಚಾಗುವ ಅಂಗಡಿಯಲ್ಲಿ ಹೊಸ ತಿಂಗಳಿನದು ಸಿಕ್ಕುವ ಸಂಭವ ಹೆಚ್ಚು. ಆ ಕಾರಣಕ್ಕೆ, ಮನೆಯ ಪಕ್ಕದ ಸಣ್ಣ ಅಂಗಡಿಗಿಂತ ರಾಣಿಗಂಜಿನಂಥ ಮೋಟಾರು ಸಾಮಾನಿನ ಪೇಟೆಯವರೆಗೆ ಹೋಗಿಬರುವುದು ವ್ಯರ್ಥವಲ್ಲ.

ಅಳತೆಯ ವಿಷಯದಲ್ಲಿ ಹಳೆಯ ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ‘೩೮ಬಿ೨೦ಎಲ್’, ‘೩೮ಬಿ೨೦ಆರ್’ ಎಂಬ ಎರಡು ಬ್ಯಾಟರಿಗಳು ನೋಡಲು ಅವಳಿಜವಳಿ. ಕೊನೆಯ ಅಕ್ಷರದಿಂದ ಧನ ಟರ್ಮಿನಲ್ಲು ಯಾವ ಪಕ್ಕಕ್ಕಿದೆ ಎಂಬುದು ಬದಲಾಗುತ್ತದೆ. ತಪ್ಪಿ ತಂದರೆ ಕಾರಿನ ತಂತಿ ಮುಟ್ಟುವುದಿಲ್ಲ. ಮುಟ್ಟಿಸಲೆಂದು ಎಳೆದಾಡಿ ಧನ ಋಣ ಅದಲುಬದಲಾದರೆ ಬ್ಯಾಟರಿಗಿಂತ ಹೆಚ್ಚಿನ ಬೆಲೆಯ ಕಂಪ್ಯೂಟರು ಸುಡುತ್ತದೆ. ತಟ್ಟೆಯಲ್ಲಿ ಜಾಗವಿದ್ದು, ಟರ್ಮಿನಲ್ಲು ಸರಿಹೊಂದುವುದಾದರೆ ಒಂದು ಮೆಟ್ಟಿಲು ದೊಡ್ಡದನ್ನು ಹಾಕಬಹುದು, ನಿಲ್ಲುವ ದಿನಗಳು ಕೆಲವು ಹೆಚ್ಚುತ್ತವೆ. ಅದರಾಚೆಗೆ ಲಾಭವಿಲ್ಲ.

ನೀರು ಹಾಕಬೇಕಾಗಿಲ್ಲದ, ಕ್ಯಾಲ್ಸಿಯಂ ಬೆರೆತ ಸೀಸದ ಮುಚ್ಚಿದ ಬ್ಯಾಟರಿಯೇ ನಿಲ್ಲುವ ಕಾರಿಗೆ ಹೊಂದುತ್ತದೆ. ಹಳೆಯ ಆಂಟಿಮನಿ ಬಗೆಗಿಂತ ಇದು ನಿಂತಲ್ಲಿ ಕಡಿಮೆ ಕರಗುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ನಿಂತು ತಾನೇ ಹೊರಡುವ ಕಾರಾದರೆ ಕಂಪನಿ ಯಾವ ಬಗೆಯನ್ನು ಕೊಟ್ಟಿತ್ತೋ ಅದೇ ಬಗೆಯನ್ನು ಹಾಕಬೇಕು. ಇನ್ವರ್ಟರಿನ ಬ್ಯಾಟರಿ ಹಾಕಬಾರದೇ ಎಂದು ಕೇಳುವವರುಂಟು. ಅದರ ದಪ್ಪ ಫಲಕಗಳು ಗಂಟೆಗಟ್ಟಲೆ ಫ್ಯಾನು ತಿರುಗಿಸಲು ಮಾಡಿದವು. ಮೂರು ಸೆಕೆಂಡಿನಲ್ಲಿ ಧುಮ್ಮಿಕ್ಕಬೇಕಾದ ಸ್ಟಾರ್ಟರಿನ ಕೆಲಸಕ್ಕೆ ಅವು ತಕ್ಕವಲ್ಲ. ‘ರೀಕಂಡಿಷನ್’ ಎಂದು ಅರ್ಧ ಬೆಲೆಗೆ ಕೊಡುವುದನ್ನಂತೂ ಆಸ್ಪತ್ರೆಯ ಆಪತ್ತಿಗೆ ಕಾರಿಟ್ಟವರು ಮುಟ್ಟಲೇಬಾರದು.

ವಾರಂಟಿ ಕಾರ್ಡಿನಲ್ಲಿ ‘೧೮+೧೮’ ಎಂದಿದ್ದರೆ ಮೂರು ವರ್ಷ ಪುಕ್ಕಟೆ ಎಂದು ಅರ್ಥವಲ್ಲ. ಮೊದಲ ಹದಿನೆಂಟು ತಿಂಗಳಲ್ಲಿ ದೋಷ ಕಂಡರೆ ಬದಲಿಸಿ ಕೊಡುತ್ತಾರೆ. ಎರಡನೆಯ ಹದಿನೆಂಟರಲ್ಲಿ ಹೊಸದರ ಬೆಲೆಯಲ್ಲಿ ಒಂದು ಪಾಲು ಬಿಡುತ್ತಾರೆ. ಇದಲ್ಲದೆ, ನಿಂತು ನಿಂತು ಬರಿದಾದುದನ್ನು ತಯಾರಿಕೆಯ ದೋಷವೆಂದು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮಂಥವರ ಬ್ಯಾಟರಿ ಸಾಯುವುದು ಹಾಗೆಯೇ ಆದುದರಿಂದ, ವಾರಂಟಿಯ ಉದ್ದಕ್ಕಾಗಿ ಹೆಚ್ಚು ಹಣ ಕೊಡುವುದು ನನಗೆ ಸರಿತೋರದು. ರಸೀತಿಯ ಮೇಲೆ ತಾರೀಖು, ಬ್ಯಾಟರಿಯ ನಂಬರು ಬರೆಸಿಕೊಳ್ಳುವುದನ್ನು ಮಾತ್ರ ಮರೆಯಬಾರದು.

ಉಳಿದ ಹಣದಲ್ಲಿ ಒಂದು ಸಣ್ಣ ಸ್ವಯಂಚಾಲಿತ ಚಾರ್ಜರನ್ನು ಕೊಳ್ಳಿ. ಪೂರ್ತಿ ತುಂಬಿದ ಮೇಲೆ ತಾನೇ ತಗ್ಗುವ ಬಗೆಯದಾಗಿರಲಿ. ತಿಂಗಳಿಗೆ ಒಂದೆರಡು ರಾತ್ರಿ ಹಚ್ಚಿಟ್ಟರೆ ಸಾಕು. ಸೆಲ್ಲಾರಿನಲ್ಲಿ ಪ್ಲಗ್ಗು ಇಲ್ಲದವರು, ಗಲ್ಲಿಯಲ್ಲಿ ನಿಲ್ಲಿಸುವವರು, ಎರಡು ವಾರಕ್ಕಿಂತ ಹೆಚ್ಚು ಊರಿಗೆ ಹೋಗುವಾಗ ಋಣ ಟರ್ಮಿನಲ್ಲಿನ ತಂತಿಯನ್ನು ಬಿಚ್ಚಿಟ್ಟು ಹೋಗಲಿ. ಗಡಿಯಾರ, ರೇಡಿಯೋ ಮತ್ತೆ ಹೊಂದಿಸಬೇಕಾದೀತು. ಅಲಾರಮ್ಮೂ ಕೆಲಸ ಮಾಡದು. ಆದರೆ ಮರಳಿ ಬಂದಾಗ ಕಾರು ಎದ್ದುನಿಲ್ಲುತ್ತದೆ. ಪ್ರತಿ ಭಾನುವಾರ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವ ಪದ್ಧತಿ ಡ್ರೈವರುಗಳಲ್ಲಿ ಬಹಳ. ವಾರದಲ್ಲಿ ಹೋದ ಐದು ಆಂಪಿಯರ್ ಗಂಟೆ ಐದು ನಿಮಿಷದಲ್ಲಿ ಮರಳುವುದಿಲ್ಲ; ಎಂಜಿನ್ನೂ ಬಿಸಿಯಾಗದೆ ಹೊಗೆಕೊಳವೆಯಲ್ಲಿ ನೀರು ನಿಲ್ಲುತ್ತದೆ. ಹತ್ತು ದಿನಕ್ಕೊಮ್ಮೆ ಹೊರವರ್ತುಲ ರಸ್ತೆಯ ಕಡೆಗೆ ಮುಕ್ಕಾಲು ಗಂಟೆ ಓಡಿಸಿ ಬಂದರೆ ಅರ್ಥವುಂಟು. ಬ್ಯಾಟರಿಯ ಕೊನೆಯ ಪಾಲು ತುಂಬಲು ಬಹಳ ಹೊತ್ತು ಬೇಕಾಗುವುದರಿಂದ, ಆಗಲೂ ಚಾರ್ಜರಿನ ಕೆಲಸವನ್ನು ಅದು ಪೂರ್ತಿ ಮಾಡದು.

ಬಿಚ್ಚುವಾಗ ಋಣ ಮೊದಲು, ಕಟ್ಟುವಾಗ ಋಣ ಕಡೆಗೆ. ಕಾರಿನ ಮೈಯೆಲ್ಲ ಋಣಕ್ಕೆ ಸೇರಿದ್ದು. ಋಣ ಕಟ್ಟಿದ್ದಾಗ ಧನವನ್ನು ಬಿಚ್ಚಹೋಗಿ ಸ್ಪ್ಯಾನರು ಮೈಗೆ ತಗುಲಿದರೆ ಕಿಡಿ ಸಿಡಿದು ಕೈ ಸುಡುತ್ತದೆ. ಉಂಗುರ, ಕೈಗಡಿಯಾರ ತೆಗೆದಿಡಿ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಏಳುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಕೂಡದು.

ಹಳೆಯ ಬ್ಯಾಟರಿಯನ್ನು ಹೊಸದು ಕೊಟ್ಟ ಅಂಗಡಿಗೇ ಒಪ್ಪಿಸಿ, ಅದರ ಬೆಲೆಯನ್ನು ರಸೀತಿಯಲ್ಲಿ ಕಳೆಸಿಕೊಳ್ಳಿ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುವುದರಿಂದ ಅದಕ್ಕೆ ಬೆಲೆ ಇದ್ದೇ ಇದೆ; ಹಳೆಯದನ್ನು ಹಿಂದಕ್ಕೆ ಪಡೆದು ಸರಿಯಾಗಿ ಕರಗಿಸಬೇಕೆಂಬ ನಿಯಮ ೨೦೦೧ರಿಂದ ಇದ್ದು, ೨೦೨೨ರಲ್ಲಿ ಹೊಸ ರೂಪದಲ್ಲಿ ಬಂದಿದೆ. ಗುಜರಿಯವರು ನೂರಿನ್ನೂರು ಹೆಚ್ಚು ಕೊಟ್ಟೇವೆಂದು ಬಾಗಿಲಿಗೆ ಬರುತ್ತಾರೆ. ಅಲ್ಲಿ ಅದನ್ನು ಸುತ್ತಿಗೆಯಿಂದ ಒಡೆದು, ಆಮ್ಲವನ್ನು ಮೋರಿಗೆ ಚೆಲ್ಲಿ, ಸೀಸವನ್ನು ಬಯಲಿನಲ್ಲೇ ಕಾಯಿಸುವುದುಂಟು. ಆ ಹೊಗೆಯನ್ನು ಕುಡಿಯುವವರು ಊರು ಬಿಟ್ಟು ದುಡಿಯಲು ಬಂದ ಕೂಲಿಗಳು, ಅಲ್ಲೇ ಆಡುವ ಅವರ ಮಕ್ಕಳು. ಸೀಸದ ವಿಷ ಮಕ್ಕಳ ಮಿದುಳಿಗೆ ಮಾಡುವ ಹಾನಿಗೆ ಮದ್ದಿಲ್ಲ.