ಮೊಮ್ಮಗನ ಅರ್ಜಿಯಲ್ಲಿ ‘ಡಿಸೆಂಟ್’

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಹಾಸನದ ಕಡೆಯವನು. ಮಗ, ಸೊಸೆ ಕೆಲಸದ ವೀಸಾದ ಮೇಲೆ ಲಂಡನ್ನಿನಲ್ಲಿದ್ದಾರೆ. ಅಲ್ಲೇ ಹುಟ್ಟಿದ ಮೊಮ್ಮಗನಿಗೆ ಈಗ ಹತ್ತು ತಿಂಗಳು. ಅವನಿಗೆ ಭಾರತದ ಪೌರತ್ವ ಮಾಡಿಸುವ ಅರ್ಜಿಯಲ್ಲಿ ‘ಸಿಟಿಜನ್‌ಶಿಪ್ ಬೈ ಡಿಸೆಂಟ್’ ಎಂದಿದೆ. ನಿಘಂಟು ನೋಡಿದರೆ ಇಳಿಯುವುದು, ಅವನತಿ! ಕೂಸಿನ ಕಾಗದದಲ್ಲಿ ಇಂಥ ಮಾತೇ? ಸಹಿ ಹಾಕಬೇಡ ಅಂದೆ. ಮಗ ಮುನಿಸಿಕೊಂಡು ಫೋನನ್ನೇ ಮಾಡುತ್ತಿಲ್ಲ. ನಾನು ಹೇಳಿದ್ದು ತಪ್ಪೇ?

ಉತ್ತರ: ಮೇಷ್ಟ್ರೇ, ಮೊಮ್ಮಗನ ಮಾನ ಕಾಯಲು ಹೊರಟ ನಿಮ್ಮ ಮನಸ್ಸು ತಪ್ಪಲ್ಲ. ಆದರೆ ಆ ಪದ ಅವನನ್ನು ಕೀಳಾಗಿಸುತ್ತಿಲ್ಲ.

ಮೂಲ ಲ್ಯಾಟಿನ್ ಮಾತಿನಲ್ಲಿ ‘ದೆ’ ಎಂದರೆ ಕೆಳಗೆ, ‘ಸ್ಕಾಂದೆರೆ’ ಎಂದರೆ ಹತ್ತುವುದು. ಮೇಲೇರುವುದಕ್ಕೆ ಹೇಳುವ ‘ಅಸೆಂಡ್’ ಕೂಡ ಇದೇ ಬೇರಿನದು. ಫ್ರೆಂಚ್ ದಾಟಿ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದ ‘ಡಿಸೆಂಟ್’ಗೆ ವಂಶ ಎಂಬ ಅರ್ಥ ಆಗಲೇ ಇತ್ತು. ಡಾರ್ವಿನ್ 1871ರಲ್ಲಿ ‘ದಿ ಡಿಸೆಂಟ್ ಆಫ್ ಮ್ಯಾನ್’ ಬರೆದದ್ದು ಮನುಷ್ಯನ ಅವನತಿಯ ಬಗ್ಗೆ ಅಲ್ಲ, ಅವನು ಯಾವ ಪೂರ್ವಜರಿಂದ ಬಂದ ಎಂಬುದರ ಬಗ್ಗೆ. ನಿಘಂಟು ಒಂದು ಪದದ ಅರ್ಥಗಳನ್ನೆಲ್ಲ ಸಾಲಾಗಿ ಕೊಡುತ್ತದೆ. ಎಲ್ಲಿ ಯಾವುದು ಹೊಂದುತ್ತದೆ ಎಂದು ಹುಡುಕುವ ಕೆಲಸ ನಮ್ಮದು. ಇದನ್ನು ತರಗತಿಯಲ್ಲಿ ನೀವೇ ಎಷ್ಟು ಮಕ್ಕಳಿಗೆ ಹೇಳಿರುತ್ತೀರಿ!

ಪೌತಿ ಖಾತೆಗೆಂದು ಮಾಡಿಸುವ ವಂಶವೃಕ್ಷವನ್ನು ನೆನಪಿಸಿಕೊಳ್ಳಿ. ಮುತ್ತಾತನ ಹೆಸರು ಮೇಲೆ, ಅಲ್ಲಿಂದ ಒಂದು ಗೆರೆ, ಅದರಡಿ ಮಕ್ಕಳು, ಇನ್ನೂ ಕೆಳಗೆ ಮೊಮ್ಮಕ್ಕಳು. ಆ ಹಾಳೆಯಲ್ಲಿ ಕೆಳಗಿರುವ ಹೆಸರು ಕಿರಿಯದು ಅಷ್ಟೇ, ಕೀಳಲ್ಲ. ಆಸ್ತಿ ತಲೆತಲಾಂತರದಿಂದ ಇಳಿದು ಬಂತು ಅನ್ನುತ್ತೇವಲ್ಲ, ಈ ‘ಡಿಸೆಂಟ್’ ಕೂಡ ಅದೇ.

ಪರದೇಶದವರು ಹಂಗಿಸಿ ಬರೆದ ಪದವೂ ಇದಲ್ಲ. ನಮ್ಮದೇ ಪೌರತ್ವ ಕಾಯ್ದೆ, 1955ರ 4ನೇ ಸೆಕ್ಷನ್ನಿನ ತಲೆಬರಹ ಇದು. ಹೊರದೇಶದಲ್ಲಿ ಹುಟ್ಟಿದರೂ ತಂದೆತಾಯಿಯ ಮೂಲಕ ಮಗು ನಮ್ಮ ದೇಶದ್ದು ಎಂದು ಒಪ್ಪಿಕೊಳ್ಳುವ ಸೆಕ್ಷನ್ ಅದು.

ನನಗೆ ನಿಜವಾಗಿ ಆತಂಕವಾದದ್ದು ‘ಹತ್ತು ತಿಂಗಳು’ ಎಂದು ನೀವು ಬರೆದದ್ದನ್ನು ಓದಿದಾಗ. ಆ ಸೆಕ್ಷನ್ ಪ್ರಕಾರ ಮಗು ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಆಗಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿಗೆ ಅಲೆಯಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವವೂ ಸಿಗುವುದಿಲ್ಲ. 1983ರಿಂದ ಈಚೆಗೆ, ತಂದೆತಾಯಿಯರಲ್ಲಿ ಒಬ್ಬರಾದರೂ ಆ ದೇಶದ ಪ್ರಜೆಯಾಗಿರಬೇಕು ಇಲ್ಲವೇ ಕಾಯಂ ವಾಸದ ಹಕ್ಕು ಪಡೆದಿರಬೇಕು. ಕೆಲಸದ ವೀಸಾ ಇದಕ್ಕೆ ಸಾಲದು.

ಮಗ ಮೊದಲು ಮಾತಾಡಲಿ ಎಂದು ಕಾಯಬೇಡಿ. ಇವತ್ತು ಸಂಜೆಯೇ ನೀವು ಫೋನ್ ಮಾಡಿ, ಅರ್ಜಿಗೆ ಸಹಿ ಹಾಕಪ್ಪಾ ಅನ್ನಿ. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂಬ ಘೋಷಣೆಯನ್ನೂ ತಂದೆತಾಯಿ ಬರೆದುಕೊಡಬೇಕು. ಅದನ್ನೂ ನೆನಪಿಸಿ.