ಮಾರ್ಥಳ ಮನೆ: ಎಲ್ಲವೂ ಪರ್ಫೆಕ್ಟ್ ಆಗುವ ತನಕ ಬಾಗಿಲು ಮುಚ್ಚಿರಬೇಕಾ?

ಸತ್ಯವೇದ ತೆರೆಯಿರಿ, ಮೊಬೈಲ್‌ನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡಿ. ಲೂಕನ ಸುವಾರ್ತೆ 10ನೇ ಅಧ್ಯಾಯ, 38ರಿಂದ 42ನೇ ವಚನಗಳು. ಸಿಕ್ಕಿದವರು ಆಮೆನ್ ಹೇಳಿ.

ಈ ಭಾಗ ಬಂದ ಕೂಡಲೇ ನಾವು ಮಾರ್ಥಳನ್ನು ಬೈಯೋದಕ್ಕೆ ಶುರು ಮಾಡುತ್ತೇವೆ. ಮರಿಯಳು ಒಳ್ಳೆಯವಳು, ಮಾರ್ಥಳು ಗೊಣಗುವವಳು, ಮುಗಿಯಿತು ಪ್ರಸಂಗ. ಆದರೆ 38ನೇ ವಚನವನ್ನು ನಿಧಾನವಾಗಿ ನೋಡಿ. ಯೇಸುಸ್ವಾಮಿಯನ್ನು ಮನೆಯೊಳಗೆ ಸೇರಿಸಿಕೊಂಡವಳು ಯಾರು? ಮಾರ್ಥಳೇ. ಅವಳು ಬಾಗಿಲು ತೆರೆದಿದ್ದರಿಂದಲೇ ಮರಿಯಳು ಆ ದಿನ ಆತನ ಪಾದದ ಬಳಿ ಕೂತಳು.

ಹಾಗಾದರೆ ಎಡವಿದ್ದು ಎಲ್ಲಿ? 40ನೇ ವಚನದಲ್ಲಿ. ಅಲ್ಲಿರುವ ಗ್ರೀಕ್ ಕ್ರಿಯಾಪದ ಪೆರಿಸ್ಪಾವೊ. ಎಲ್ಲಾ ಕಡೆಗೂ ಎಳೆಯಲ್ಪಡೋದು ಅಂತ ಅದರ ಭಾವ. ಕೈ ಒಲೆ ಮೇಲೆ, ಕಣ್ಣು ಅತಿಥಿ ಮೇಲೆ, ಸಿಟ್ಟು ಸಹೋದರಿ ಮೇಲೆ. ಕೊನೆಗೆ ಅವಳು ಸ್ವಾಮಿಯ ಮೇಲೇ ದೂರು ಹೇಳುತ್ತಾಳೆ, ಆತನಿಗೇ ಏನು ಮಾಡಬೇಕು ಅಂತ ಹೇಳಿಕೊಡುತ್ತಾಳೆ! ಯಾರಿಗೋಸ್ಕರ ಅಡುಗೆಯೋ ಅವರ ಮೇಲೇ ಕೋಪ. ನಮ್ಮ ಮನೆಯಲ್ಲಿ ಆಗೋದೂ ಇದೇ ತಾನೇ? ಮಗುವಿನ ಬರ್ತ್‌ಡೇ ಚೆನ್ನಾಗಿ ಆಗಬೇಕು ಅಂತ ಬಲೂನ್ ಕಟ್ಟುತ್ತೇವೆ. ಒಂದು ಬಲೂನ್ ಒಡೆದರೆ ಅದೇ ಮಗುವನ್ನು ಗದರಿಸಿ ಅಳಿಸುತ್ತೇವೆ. ಫೋಟೋದಲ್ಲಿ ಮಾತ್ರ ಎಲ್ಲರೂ ನಗುತ್ತಾ ಇರುತ್ತಾರೆ.

ಕರ್ತನು ಅವಳ ಹೆಸರನ್ನು ಎರಡು ಸಾರಿ ಕರೆದನು. ಅಬ್ರಹಾಮನನ್ನು, ಮೋಶೆಯನ್ನು, ಸಮುವೇಲನನ್ನು ದೇವರು ಹಾಗೆಯೇ ಕರೆದಿದ್ದಾನೆ. ಅದು ಪ್ರೀತಿಯ ಕರೆ. ಅಡುಗೆ ಬಿಟ್ಟುಬಿಡು ಅಂತ ಆತನು ಹೇಳಲಿಲ್ಲ. ಅನೇಕ ವಿಷಯಗಳ ಚಿಂತೆಯನ್ನು ಬಿಡು ಅಂದನು. ಬ್ರದರ್ಸ್, ಒಂದು ಮಾತು. ಈ ಪ್ರಸಂಗ ಕೇಳಿ ಮನೆಗೆ ಹೋಗಿ ಹೆಂಡತಿಗೆ ಮಾರ್ಥ ಅಂತ ಹೆಸರಿಡಬೇಡಿ. ಮೊದಲು ಸಿಂಕ್‌ನಲ್ಲಿರುವ ಪಾತ್ರೆ ತೊಳೆಯಿರಿ, ಅವರಿಗೂ ಪಾದದ ಬಳಿ ಕೂತುಕೊಳ್ಳೋಕೆ ಸಮಯ ಸಿಗಲಿ.

ಕೆಲವರು ಮತ್ತಾಯ 5:48 ತೋರಿಸುತ್ತಾರೆ. ಪಾಸ್ಟರ್, ಪರಿಪೂರ್ಣರಾಗಬೇಕು ಅಂತ ಸ್ವಾಮಿಯೇ ಹೇಳಿದ್ದಾನಲ್ಲ? ಹೌದು, ಆದರೆ ಅದರ ಹಿಂದಿನ ವಚನಗಳನ್ನೂ ಓದಿ. ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯನನ್ನು ಮೂಡಿಸುವ ತಂದೆಯ ಬಗ್ಗೆ, ವೈರಿಗಳನ್ನು ಪ್ರೀತಿಸುವ ಬಗ್ಗೆ ಮಾತಾಡುತ್ತಿದ್ದಾನೆ. ಟೆಲಿಯೋಸ್ ಎಂಬ ಆ ಪದಕ್ಕೆ ಪೂರ್ಣ ಬೆಳೆದದ್ದು, ಪಕ್ವವಾದದ್ದು ಎಂಬ ಅರ್ಥವಿದೆ. ಪ್ರೀತಿಯಲ್ಲಿ ಪೂರ್ಣರಾಗೋದು ಬೇರೆ, ಹಾಲ್‌ನಲ್ಲಿ ಒಂದು ಸಾಮಾನೂ ಆಚೀಚೆ ಆಗದ ಹಾಗೆ ಇಡೋದು ಬೇರೆ.

ನಮ್ಮ ಸಭೆಯ ಒಂದು ಯುವ ಕುಟುಂಬ. ಅವರ ಅನುಮತಿ ತೆಗೆದುಕೊಂಡೇ ಹೇಳುತ್ತಿದ್ದೇನೆ. ಬಾಡಿಗೆ ಮನೆಗೆ ಬಂದು ವರ್ಷ ದಾಟಿತ್ತು. ಕಾಟೇಜ್ ಮೀಟಿಂಗ್ ಇಡೋಣವಾ ಅಂದರೆ, ಸೋಫಾ ಬರಲಿ ಪಾಸ್ಟರ್, ಪೇಂಟ್ ಆಗಲಿ ಪಾಸ್ಟರ್. ಅದೇ ಬೀದಿಯ ಪಿಜಿಯಲ್ಲಿ ನಮ್ಮ ಒಬ್ಬ ತಮ್ಮ ಇದ್ದ, ರಾಯಚೂರಿನಿಂದ ಕೆಲಸಕ್ಕೆ ಬಂದವನು. ಪ್ರತಿ ಭಾನುವಾರ ಆರಾಧನೆ ಮುಗಿಸಿ ಹೋಟೆಲ್‌ನಲ್ಲಿ ಒಬ್ಬನೇ ಊಟ ಮಾಡುತ್ತಿದ್ದ. ಆ ಮನೆಗೂ ಅವನ ಪಿಜಿಗೂ ಐದು ನಿಮಿಷದ ದಾರಿ. ಒಂದು ದಿನ ಅವನಿಗೆ ಜ್ವರ ಅಂತ ಗೊತ್ತಾಗಿ, ಮನೆ ಸರಿಮಾಡಲು ಟೈಮ್ ಇಲ್ಲದೆ ಹಾಗೆಯೇ ಕರೆಸಿ ಗಂಜಿ ಕೊಟ್ಟರು. ಒಗೆದ ಬಟ್ಟೆ ಕುರ್ಚಿ ಮೇಲೆ ರಾಶಿ ಬಿದ್ದಿತ್ತು. ಅದನ್ನು ನೋಡಿ ಅವನು, ಅಕ್ಕಾ, ನಮ್ಮ ಮನೆ ಥರಾನೇ ಇದೆ ಅಂತ ಹೇಳಿ ಅತ್ತುಬಿಟ್ಟನಂತೆ. ಬಟ್ಟೆ ಮಡಿಸಿಟ್ಟಿದ್ದರೆ ಆ ಮಾತು ಬರುತ್ತಿತ್ತೋ ಇಲ್ಲವೋ!

ಆದಿ ಸಭೆಯವರು ಮನೆಮನೆಗಳಲ್ಲಿ ರೊಟ್ಟಿ ಮುರಿದರು ಅಂತ ಅಪೊಸ್ತಲರ ಕೃತ್ಯಗಳು 2:46ರಲ್ಲಿ ಇದೆ. ಸಿರಿಯಾದ ದುರಾ ಯುರೋಪೋಸ್‌ನಲ್ಲಿ ಭೂಮಿ ಅಗೆದಾಗ 3ನೇ ಶತಮಾನದ ಒಂದು ಪ್ರಾರ್ಥನಾಲಯ ಸಿಕ್ಕಿತು. ಮೊದಲು ಅದೊಂದು ಸಾಧಾರಣ ಮನೆ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಕೂಡಿಬರುವ ಜಾಗ ಮಾಡಿಕೊಂಡಿದ್ದರು.

ಸೋಮಾರಿತನಕ್ಕೆ ಇದು ಲೈಸೆನ್ಸ್ ಅಲ್ಲ, ಅದು ನಿಮಗೇ ಗೊತ್ತು. ಮಾರ್ಥಳೂ ಕೆಲಸ ಬಿಡಲಿಲ್ಲ. ಯೋಹಾನ 12ನೇ ಅಧ್ಯಾಯಕ್ಕೆ ಬನ್ನಿ, ಪಸ್ಕಕ್ಕೆ ಆರು ದಿನ ಮುಂಚೆ. ಮತ್ತೆ ಬೇಥಾನ್ಯ, ಮತ್ತೆ ಊಟ. ಮಾರ್ಥಳು ಉಪಚಾರ ಮಾಡುತ್ತಿದ್ದಾಳೆ. ಮರಿಯಳು ಮತ್ತೆ ಸ್ವಾಮಿಯ ಪಾದದ ಹತ್ತಿರವೇ! ಈ ಸಾರಿ ಸುಗಂಧತೈಲ ಬೇರೆ ಸುರಿದಿದ್ದಾಳೆ, ಮನೆಯೆಲ್ಲಾ ಪರಿಮಳ. ಮಾರ್ಥಳ ಬಾಯಿಂದ ಒಂದು ದೂರೂ ದಾಖಲಾಗಿಲ್ಲ. ಗೊಣಗಿದವನು ಯೂದನು.

ಕಣ್ಣು ಮುಚ್ಚಿ ಪ್ರಾರ್ಥಿಸುವ ಮುಂಚೆ ಒಂದು ವಿಷಯ. ಈ ತಿಂಗಳ ಕಾಟೇಜ್ ಮೀಟಿಂಗ್‌ಗೆ ಎರಡು ಮನೆ ಬೇಕು. ಟೀ, ಬಿಸ್ಕೆಟ್ ಸಾಕು, ಚಾಪೆ ನಾವೇ ತರುತ್ತೇವೆ. ಪಿಜಿಯಲ್ಲಿರುವ ತಮ್ಮಂದಿರು, ತಂಗಿಯರು ಹತ್ತಿರದಲ್ಲಿ ಯಾರಿದ್ದಾರೆ ಅಂತ ಯೂತ್ ಲೀಡರ್ ಹತ್ತಿರ ಕೇಳಿ. ಸೋಫಾ ಇನ್ನೂ ಬರದವರು ಮೊದಲು ಕೈ ಎತ್ತಿ.